ಹಿಂದೆ ಕೂತವರಿಗೂ ಹೆಲ್ಮೆಟ್: ಹಳ್ಳಿ ರಸ್ತೆಯಲ್ಲೂ ದಂಡ ಹಾಕಬೇಕೇ?

ಮೋಟಾರು ವಾಹನ ಕಾಯ್ದೆಯ 129ನೇ ಸೆಕ್ಷನ್ ಪ್ರಕಾರ, ನಾಲ್ಕು ವರ್ಷ ದಾಟಿದ ಯಾರೇ ಬೈಕ್ ಹತ್ತಿದರೂ ಹೆಲ್ಮೆಟ್ ಕಡ್ಡಾಯ. ಪೇಟ ಕಟ್ಟಿದ ಸಿಖ್ಖರಿಗೆ ಮಾತ್ರ ವಿನಾಯಿತಿ. ತಪ್ಪಿದರೆ ಕೇಂದ್ರದ ಕಾಯ್ದೆಯಲ್ಲಿ 1,000 ರೂಪಾಯಿ ದಂಡ. ಕರ್ನಾಟಕ 2019ರಲ್ಲಿ ಅದನ್ನು 500ಕ್ಕೆ ಇಳಿಸಿತು. ಚಿಕ್ಕಮಗಳೂರಿನ ಐ.ಜಿ. ರಸ್ತೆಯಲ್ಲೋ ಹಾಸನದ ಬಿ.ಎಂ. ರಸ್ತೆಯಲ್ಲೋ ದಂಡ ಹಾಕಿದರೆ ಗೊಣಗುವವರು ಇರಬಹುದು, ತಕರಾರು ಎತ್ತುವವರು ಕಡಿಮೆ. ಜಗಳ ಇರುವುದು ಮೂಡಿಗೆರೆ, ಸಕಲೇಶಪುರ, ಆಲೂರು ಕಡೆಯ ತೋಟದ ನಡುವಿನ ಊರುದಾರಿಗಳದ್ದು.

ಪರ: ದಾರಿ ಚಿಕ್ಕದಾದರೆ ತಲೆ ಗಟ್ಟಿಯಾಗುವುದಿಲ್ಲ

‘ಇಲ್ಲೇ ಎರಡು ಕಿಲೋಮೀಟರ್, ನಿಧಾನಕ್ಕೆ ಹೋಗ್ತೀವಿ’ ಅನ್ನುವುದು ಎಲ್ಲರ ಬಾಯಲ್ಲಿರುವ ಸಬೂಬು. ಲೆಕ್ಕ ಹಾಕಿ ನೋಡಿ. ಬೈಕಿನ ಮೇಲೆ ಕೂತವರ ತಲೆ ನೆಲದಿಂದ ಸುಮಾರು ಒಂದೂವರೆ ಮೀಟರ್ ಮೇಲಿರುತ್ತದೆ. ಅಷ್ಟು ಎತ್ತರದಿಂದ ಬಿದ್ದ ತಲೆ ನೆಲಕ್ಕೆ ಬಡಿಯುವುದು ಗಂಟೆಗೆ ಹತ್ತಿರ ಹತ್ತಿರ 20 ಕಿ.ಮೀ. ವೇಗದಲ್ಲಿ. ಇದು ಬೈಕ್ ನಿಂತಲ್ಲೇ ಇದ್ದಾಗಿನ ಲೆಕ್ಕ. ಕಾಂಕ್ರೀಟ್ ರಸ್ತೆಗೆ ಅದು ಪಂಚಾಯಿತಿಯದೋ ಹೆದ್ದಾರಿಯದೋ ಅನ್ನುವ ಭೇದವಿಲ್ಲ.

ಬೀಳುವ ಸಾಧ್ಯತೆಯೂ ಹಿಂದೆ ಕೂತವರಿಗೇ ಹೆಚ್ಚು. ಓಡಿಸುವವರಿಗೆ ಹ್ಯಾಂಡಲ್ ಇದೆ, ಗುಂಡಿ ಮೊದಲೇ ಕಾಣುತ್ತದೆ. ಹಿಂದಿನವರಿಗೆ ಹಂಪ್ ಗೊತ್ತಾಗುವುದು ಸೀಟು ಎಗರಿದ ಮೇಲೆ. ಅದರಲ್ಲೂ ಸೀರೆ ಉಟ್ಟು ಒಂದೇ ಕಡೆಗೆ ಕಾಲು ಹಾಕಿ ಕೂತವರು, ತೊಡೆಯ ಮೇಲೆ ಮಗುವೋ ಚೀಲವೋ ಇದ್ದರಂತೂ, ಕೈ ಊರುವ ಮೊದಲೇ ಹಿಂದಕ್ಕೆ ಉರುಳಿ ತಲೆಯ ಹಿಂಭಾಗ ಬಡಿಸಿಕೊಳ್ಳುತ್ತಾರೆ. ಟೋಪಿಯಂಥ ಅರ್ಧ ಹೆಲ್ಮೆಟ್ ಮುಚ್ಚದೆ ಬಿಡುವುದೂ ಅದೇ ಜಾಗವನ್ನು.

ಹೆಲ್ಮೆಟ್‌ನಲ್ಲಿ ಕೆಲಸ ಮಾಡುವುದು ಹೊರಗಿನ ಚಿಪ್ಪೊಂದೇ ಅಲ್ಲ, ಒಳಗಿನ ಥರ್ಮಾಕೋಲ್ ಪದರವೂ. ಅದು ಜಜ್ಜಿಹೋಗುತ್ತಾ ಪೆಟ್ಟನ್ನು ತಾನು ತಿನ್ನುತ್ತದೆ. ಆದ್ದರಿಂದಲೇ ಒಮ್ಮೆ ಜೋರು ಪೆಟ್ಟು ತಿಂದದ್ದನ್ನು, ಹೊರಗೆ ಗೀರು ಇಲ್ಲದಿದ್ದರೂ, ಬದಲಿಸಬೇಕು. ಕೊಳ್ಳುವಾಗ ಹುಬ್ಬಿನಿಂದ ಎರಡು ಬೆರಳು ಮೇಲೆ ಟೇಪ್ ಸುತ್ತಿ ಅಳತೆ ತೆಗೆಯಿರಿ, 57-58 ಸೆಂ.ಮೀ. ಬಂದರೆ ಸಾಮಾನ್ಯವಾಗಿ ಮೀಡಿಯಂ. ಹಾಕಿಕೊಂಡು ತಲೆ ಅಲ್ಲಾಡಿಸಿದರೆ ಕೆನ್ನೆಯ ಚರ್ಮವೂ ಜೊತೆಗೇ ಸರಿಯಬೇಕು. ಪಟ್ಟಿ ಬಿಗಿದ ಮೇಲೆ ಗಲ್ಲದಡಿ ಎರಡು ಬೆರಳು ಹಿಡಿಸಿದರೆ ಸಾಕು. ಪಟ್ಟಿ ಹಾಕದ ಹೆಲ್ಮೆಟ್ ತಲೆ ನೆಲಕ್ಕೆ ಬಡಿಯುವ ಮೊದಲೇ ಹಾರಿಹೋಗುತ್ತದೆ. ಐಎಸ್‌ಐ ಗುರುತಿನ ಪಕ್ಕ ಹೆಲ್ಮೆಟ್ ಮಾನದಂಡದ ಸಂಖ್ಯೆಯಾದ ಐಎಸ್ 4151 ಅಂತ ಇದೆಯೇ ನೋಡಿ.

ಮಲೆನಾಡಿನವರಿಗೆ ಇನ್ನೊಂದು ಮಾತು. ಮಳೆಗಾಲದಲ್ಲಿ ಒದ್ದೆಯಾದ ಹೆಲ್ಮೆಟನ್ನು ಬಟ್ಟೆ ಜೊತೆ ಒಲೆ ಮೇಲಿನ ಅಟ್ಟಕ್ಕೆ ಏರಿಸಬೇಡಿ, ಬಿಸಿಗೆ ಥರ್ಮಾಕೋಲ್ ಕುಗ್ಗುತ್ತದೆ. ಒಳಬಟ್ಟೆ ಬಿಚ್ಚಿ ಸೋಪಿನ ನೀರಲ್ಲಿ ತೊಳೆದು ಗಾಳಿಗೆ ಹಾಕಿ. ಪೆಟ್ರೋಲು, ಥಿನ್ನರ್ ಸೋಕಿಸಲೇಬೇಡಿ.

ಹಣದ ಮಾತಿಗೆ ಬಂದರೆ, ಬೈಕಿಗೆ ಬರೀ ಥರ್ಡ್ ಪಾರ್ಟಿ (ಹೊರಗಿನವರಿಗೆ ಆದ ಹಾನಿ ತುಂಬಿಕೊಡುವ) ಪಾಲಿಸಿ ಇದ್ದಾಗ ಹಿಂದೆ ಕೂತವರ ಪರಿಹಾರಕ್ಕೆ ವಿಮಾ ಕಂಪನಿ ಹೊಣೆಯಲ್ಲ ಎಂದು ಸುಪ್ರೀಂ ಕೋರ್ಟ್ 2006ರಲ್ಲೇ ತೀರ್ಪು ಕೊಟ್ಟಿದೆ. ಹಳೇ ಬೈಕುಗಳಲ್ಲಿ ಇರುವುದು ಬಹುಮಟ್ಟಿಗೆ ಅದೇ ಪಾಲಿಸಿ. ತಲೆ ಒಡೆದರೆ ಆಸ್ಪತ್ರೆ ಬಿಲ್ಲು ಮನೆಯವರ ಮೇಲೆ. ಅದರೆದುರು 500 ರೂಪಾಯಿ ಜಾಸ್ತಿ ಅನ್ನುವುದು ಯಾವ ಲೆಕ್ಕ?

ವಿರೋಧ: ದಂಡ ಹಾಕಿದರೆ ನಿಲ್ಲುವುದು ಡ್ರಾಪ್, ಅಪಘಾತವಲ್ಲ

ಹೆಲ್ಮೆಟ್ ಬೇಡ ಎಂದು ಇಲ್ಲಿ ಯಾರೂ ವಾದಿಸುತ್ತಿಲ್ಲ. ಮೇಲಿನ ಥರ್ಮಾಕೋಲ್ ಲೆಕ್ಕವೆಲ್ಲ ಸರಿಯೇ. ಆದರೆ ಒಳದಾರಿಯಲ್ಲಿ ಬೈಕಿನ ಹಿಂದೆ ಕೂರುವವರು ಯಾರು? ಬಸ್ಸಿಳಿದು ತೋಟದ ಲೈನ್ ಮನೆಗೆ (ಕೂಲಿಯವರ ಸಾಲುಮನೆಗೆ) ನಡೆಯುವ ಕೂಲಿಯವರು, ಶಾಲೆ ಬಿಟ್ಟ ಹುಡುಗಿ, ಪಡಿತರ ತರುವ ಅಜ್ಜಿ. ‘ಅಣ್ಣಾ, ಸ್ವಲ್ಪ ಬಿಡ್ತೀರಾ’ ಎಂದು ಕೈ ಅಡ್ಡ ಹಿಡಿಯುವವರು. ಇವರ ಕೈಯಲ್ಲಿ ಹೆಲ್ಮೆಟ್ ಇರುವುದಿಲ್ಲ. ಬೈಕಿನಲ್ಲಿ ಎರಡನೆಯದನ್ನು ಇಡಲು ಜಾಗವೂ ಇಲ್ಲ. ಹಿಂದಿನವರ ತಲೆ ಬರಿದಾಗಿದ್ದರೆ 194ಡಿ ಸೆಕ್ಷನ್‌ನಡಿ ದಂಡದ ಜೊತೆಗೆ ಮೂರು ತಿಂಗಳು ಲೈಸೆನ್ಸ್ ಅನರ್ಹವಾಗಬಹುದಾದದ್ದು ಓಡಿಸುವವರದು. ಉಪಕಾರಕ್ಕೆ ಆ ಬೆಲೆ ತೆತ್ತು ಯಾರು ನಿಲ್ಲಿಸುತ್ತಾರೆ? ಸಕಲೇಶಪುರ, ಬೇಲೂರು, ಮೂಡಿಗೆರೆ ಕಡೆ ಆನೆ ಓಡಾಡುವ ದಾರಿಯಲ್ಲಿ ಸಂಜೆಗತ್ತಲಿಗೆ ಇವರೆಲ್ಲ ನಡೆದೇ ಹೋಗಬೇಕಾಗುತ್ತದೆ. ಈ ಅಪಾಯವನ್ನು ಪರವಾದಿಗಳ ಲೆಕ್ಕ ಮುಟ್ಟಿಯೇ ಇಲ್ಲ.

ದಂಡದ ಹೆದರಿಕೆಗೆ ಜನ ಕೊಳ್ಳುವುದಾದರೂ ಏನನ್ನು? ರಸ್ತೆ ಬದಿಯ ಪ್ಲಾಸ್ಟಿಕ್ ಟೋಪಿ. ಐಎಸ್‌ಐ ಇಲ್ಲದ ಹೆಲ್ಮೆಟ್ ತಯಾರಿಸುವುದು, ಮಾರುವುದು 2021ರ ಜೂನ್‌ನಿಂದಲೇ ಕಾನೂನುಬಾಹಿರ. ಆದರೂ ಮಾರುವವನು ಸುಖವಾಗಿದ್ದಾನೆ, ಹಾಕಿಕೊಂಡವರನ್ನು ಮಾತ್ರ ಅಡ್ಡಗಟ್ಟುತ್ತಾರೆ.

ಇನ್ನು ಹಿಂದಿನವರನ್ನು ಬೀಳಿಸುವುದು ಯಾವುದು ನೋಡಿ. ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳಿದ ಅಳತೆಯ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ, ಚಕ್ರ ಮೆಲ್ಲಗೆ ಏರಿ ಮೆಲ್ಲಗೆ ಇಳಿಯುತ್ತದೆ. ಊರಲ್ಲಿರುವುದು ಎರಡು ಬಾಂಡ್ಲಿ ಕಾಂಕ್ರೀಟ್ ಸುರಿದು ಕಟ್ಟಿದ ಮೊಣಕೈ ಅಗಲದ ದಿಬ್ಬ. ಬಣ್ಣವಿಲ್ಲ, ಬೋರ್ಡಿಲ್ಲ. ಮೇಲೆ ಸಿಲ್ವರ್ ಓಕ್ ಎಲೆ, ಪಾಚಿ, ಟ್ರ್ಯಾಕ್ಟರ್ ಚಕ್ರ ಉದುರಿಸಿದ ಕೆಸರು. ರಸ್ತೆಯ ವಿನ್ಯಾಸ, ನಿರ್ವಹಣೆ ಮಾನದಂಡದಂತೆ ಇಲ್ಲದೆ ಸಾವು ಅಥವಾ ಅಂಗವೈಕಲ್ಯವಾದರೆ ಗುತ್ತಿಗೆದಾರರಿಗೂ ಪ್ರಾಧಿಕಾರಕ್ಕೂ ಒಂದು ಲಕ್ಷದವರೆಗೆ ದಂಡ ಹಾಕಲು 198ಎ ಸೆಕ್ಷನ್ ಇದೆ. ಆ ಪುಟವನ್ನು ಯಾಕೆ ತೆರೆಯುವುದಿಲ್ಲ?

ಬೈಕಿನಲ್ಲೂ ನೋಡಬೇಕಾದದ್ದು ಬೇಕಾದಷ್ಟಿದೆ. ಕೇಂದ್ರ ಮೋಟಾರು ವಾಹನ ನಿಯಮ 123ರಂತೆ ಹಿಂದಿನವರಿಗೆ ಹಿಡಿಕೆ, ಫುಟ್‌ರೆಸ್ಟ್ ಇರಬೇಕು. ಬಟ್ಟೆ ಸಿಕ್ಕಿಕೊಳ್ಳದಂತೆ ಹಿಂಚಕ್ರದ ಕನಿಷ್ಠ ಅರ್ಧವನ್ನು ಮುಚ್ಚಬೇಕು. ಹುಡುಗರು ಅಂದಕ್ಕೆಂದು ಮೊದಲು ಬಿಚ್ಚಿ ಎಸೆಯುವುದೇ ಸೀರೆ ಗಾರ್ಡನ್ನು. ಹಿಂದಿನ ಟೈರ್ ನುಣ್ಣಗಾಗಿದೆ, ಡ್ರಮ್ ಬ್ರೇಕಿಗೆ ನೀರು ಹೊಕ್ಕಿದೆ, ಬ್ರೇಕ್ ಲೈಟ್ ಉರಿಯುವುದಿಲ್ಲ.

ಹಾಗಾಗಿ ಹೆದ್ದಾರಿ, ಪಟ್ಟಣ, ಚಾರ್ಮಾಡಿ, ಶಿರಾಡಿ ಘಾಟಿಗಳಲ್ಲಿ ಹಿಂದಿನವರ ಹೆಲ್ಮೆಟ್ ವಿಷಯದಲ್ಲಿ ಕರುಣೆ ಬೇಡ. ಊರುದಾರಿಯಲ್ಲಿ ತ್ರಿಬಲ್ ಹೋಗುವವರನ್ನೂ ಹಿಡಿಯಲಿ. ಡ್ರಾಪ್ ಕೊಟ್ಟವರನ್ನು ಮಾತ್ರ ಎಚ್ಚರಿಕೆ ಹೇಳಿ ಬಿಡಲಿ. ಹೊಸ ಬೈಕಿನ ಜೊತೆ ಐಎಸ್‌ಐ ಹೆಲ್ಮೆಟ್ ಕೊಡಬೇಕೆಂದು ನಿಯಮ 138 ಈಗಾಗಲೇ ಹೇಳುತ್ತದೆ. ಶೋರೂಮಿನಲ್ಲಿ ಅದನ್ನು ಕೇಳಿ ಪಡೆದರೆ, ಮನೆಯ ಹಳೆಯದು ಸುಸ್ಥಿತಿಯಲ್ಲಿದ್ದಲ್ಲಿ ಹಿಂದಿನವರಿಗಾಗುತ್ತದೆ. ತೋಟದ ಮಾಲೀಕರು ಕೂಲಿಯವರಿಗೆ ರೇನ್‌ಕೋಟ್ ಕೊಡುವ ಜೂನ್‌ನಲ್ಲೇ, ಗೇಟಿನ ಬಳಿಯ ಶೆಡ್ಡಿನಲ್ಲಿ ನಾಲ್ಕು ಹೆಲ್ಮೆಟ್ ತೂಗುಹಾಕಿ, ಯಾರು ಬೇಕಾದರೂ ಹಾಕಿಕೊಂಡು ಹೋಗಿ ಸಂಜೆ ತಂದಿಡಲಿ ಅಂದರೆ ಆಯಿತು.