ಬ್ರಹ್ಮಾಂಡದಾದ್ಯಂತ, ಎಂದೆಂದಿಗೂ

ಮೇಲಿನ ಮನೆಯವರು ಗೋಡೆ ಕೊರೆಸುತ್ತಿದ್ದಾರೆ. ಅದಕ್ಕೇ ಈ ಅಂಕಣ. ಡ್ರಿಲ್ ಸುಮ್ಮನಿದ್ದಿದ್ದರೆ ನಾನು ಈ ಹೊತ್ತಿಗೆ ಫ್ಯಾನ್ ಆರಿಸಿ, ಕಂಬಳಿ ಹೊದ್ದು, ವಾರ್ಡ್‌ರೋಬಿನೊಳಗೆ ತಲೆ ತೂರಿಸಿ, ನೇತಾಡುವ ಅಂಗಿಗಳಿಗೆ ನೀರೆತ್ತುವ ಪಂಪಿನ ಮಹಿಮೆ ಬಣ್ಣಿಸುತ್ತಿರುತ್ತಿದ್ದೆ. ಅಂಗಿಗಳು ಒಳ್ಳೆಯ ಶ್ರೋತೃಗಳು. ದನಿಯನ್ನು ಹೀರಿಕೊಳ್ಳುತ್ತವೆ, ತಿರುಗಿ ಎಸೆಯುವುದಿಲ್ಲ, ‘ಇನ್ನೊಂಚೂರು ಎನರ್ಜಿ ಬೇಕಿತ್ತು ಸರ್’ ಅನ್ನುವುದಿಲ್ಲ.

ಜಾಹೀರಾತು, ಪುಸ್ತಕಗಳಿಗೆ ದನಿ ಕೊಡುವುದು, ಅಂದರೆ ವಾಯ್ಸ್ ಓವರ್, ನನ್ನ ಕಸುಬು. ವಾರ್ಡ್‌ರೋಬೇ ಸ್ಟುಡಿಯೋ. ಪಂಪಿನ ಜಾಹೀರಾತು 30 ಸೆಕೆಂಡಿನ ಕೆಲಸ. ಆರು ಸಾಲು. ಅದರ ಜೊತೆ ಬಂದಿರುವ ಕರಾರುಪತ್ರ ಹನ್ನೊಂದು ಪುಟ. ಏಳನೇ ಪುಟದ ಪ್ರಕಾರ ನಾನು ನನ್ನ ದನಿಯ ಸಕಲ ಹಕ್ಕುಗಳನ್ನೂ ‘ಈಗ ತಿಳಿದಿರುವ ಹಾಗೂ ಮುಂದೆ ಕಂಡುಹಿಡಿಯಲಾಗುವ ಎಲ್ಲ ಮಾಧ್ಯಮಗಳಲ್ಲಿ, ಬ್ರಹ್ಮಾಂಡದಾದ್ಯಂತ, ಎಂದೆಂದಿಗೂ’ ಬಿಟ್ಟುಕೊಡಬೇಕು. ಈ ಕಸುಬಿನವರಿಗೆ ಇದೇನೂ ಹೊಸತಲ್ಲ. ಎಲ್ಲ ಕಡೆಯೂ ಇದೇ ಮಾತು. ಬೆರಳಲ್ಲಿ ಸರಸರ ತಳ್ಳಿ, ಕೆಳಗೆ ಹೋಗಿ, ಸಹಿ ಹಾಕಿ ಕಳಿಸುತ್ತೇವೆ. ಇವತ್ತು ಡ್ರಿಲ್ ಇತ್ತು, ಪುರುಸೊತ್ತು ಸಿಕ್ಕಿತು, ಓದಿದೆ. ಓದಬಾರದಿತ್ತು.

ಬ್ರಹ್ಮಾಂಡ! ಯಾವ ಗ್ರಹದ ತೋಟಕ್ಕೆ ನೀರೆತ್ತಲು ಹೊರಟಿದ್ದಾರೋ ಕಾಣೆ. ಒಂದು ಸಣ್ಣ ಅಡಚಣೆ ಇದೆ. ನಿರ್ವಾತದಲ್ಲಿ ಶಬ್ದ ಚಲಿಸುವುದಿಲ್ಲ. ವಾತಾವರಣ ದಾಟಿದ ಮೇಲೆ ನನ್ನ ದನಿಯೂ ಅವರ ವಕೀಲರ ದನಿಯೂ ಸರಿಸಮಾನವಾಗಿ ಗೊಟಕ್. ಆದರೂ ಹಕ್ಕು ಇರಲಿ ಅಂತ.

ನ್ಯಾಯವಾಗಿ ಈ ಷರತ್ತು ಹಾಕಬಹುದಾಗಿದ್ದ ಒಂದೇ ಒಂದು ವಾಯ್ಸ್ ಓವರ್ ಕೆಲಸ ನನಗೆ ಗೊತ್ತು. 1977ರಲ್ಲಿ ವಾಯೇಜರ್ ಬಾಹ್ಯಾಕಾಶ ನೌಕೆಗಳಿಗೆ ಚಿನ್ನದ ಲೇಪದ, 12 ಇಂಚಿನ ತಾಮ್ರದ ಗ್ರಾಮಫೋನ್ ತಟ್ಟೆ ಕಟ್ಟಿ ಕಳಿಸಿದರಲ್ಲ, ಅದು. 55 ಭಾಷೆಗಳಲ್ಲಿ ನಮಸ್ಕಾರ. ಅದರಲ್ಲಿ ಕನ್ನಡವೂ ಇದೆ. ಕೆಲವೇ ಸೆಕೆಂಡಿನ ಓದು, ಮುಗೀತು. ವಾಯೇಜರ್ 1 ಈಗ 2,400 ಕೋಟಿ ಕಿಲೋಮೀಟರಿಗೂ ಆಚೆ ಹೋಗಿದೆ. ಇನ್ನು ಸುಮಾರು 40,000 ವರ್ಷಕ್ಕೆ ಬೇರೊಂದು ನಕ್ಷತ್ರದಿಂದ 1.6 ಜ್ಯೋತಿರ್ವರ್ಷ ದೂರದಲ್ಲಿ ಹಾದುಹೋಗುತ್ತದಂತೆ. ಹೋದ ವರ್ಷದ ನನ್ನ ಎರಡು ಬಿಲ್ಲುಗಳು ಅಷ್ಟರೊಳಗೆ ಪಾಸಾದಾವು ಎಂಬ ನಂಬಿಕೆಯಲ್ಲಿದ್ದೇನೆ. ಆ ತಟ್ಟೆಗೆ ದನಿ ಕೊಟ್ಟವರ ಪುಣ್ಯ ನೋಡಿ ನನಗೆ ಹೊಟ್ಟೆಯುರಿ. ವಾಯೇಜರ್ ಈಗಿರುವಲ್ಲಿಂದ ಒಂದು ಮೆಸೇಜು ಭೂಮಿಗೆ ಬರಬೇಕಾದರೆ 22 ಗಂಟೆಗೂ ಮಿಕ್ಕಿ ಬೇಕು. ನನ್ನ ಕ್ಲೈಂಟು ರಾತ್ರಿ 11:40ಕ್ಕೆ ಕಳಿಸಿದ ‘ಒಂದು ಸಣ್ಣ ಚೇಂಜ್ ಸರ್’ 11:40ಕ್ಕೇ ಬಂದು ಮುಟ್ಟುತ್ತದೆ.

ಸಣ್ಣ ಚೇಂಜ್ ಎಂದರೆ ಸ್ಕ್ರಿಪ್ಟೇ ಬೇರೆ.

ನಮ್ಮ ಕ್ಲೈಂಟುಗಳ ರಸಜ್ಞತೆಯ ಮೇಲೆ ಯಾರಾದರೂ ಪಿಎಚ್‌ಡಿ ಮಾಡಬೇಕು. ಸ್ಕ್ರಿಪ್ಟಿನ ನೆತ್ತಿಯ ಮೇಲೆ ಸೂಚನೆ ಇರುತ್ತದೆ: ‘ಮಾತಾಡಿದ ಹಾಗಿರಲಿ, ಓದಿದ ಹಾಗೆ ಬೇಡ. ಗೆಳೆಯನ ಥರ, ಆದರೆ ಗಂಭೀರ. ಗಂಭೀರ, ಆದರೆ ಫನ್. ವಯಸ್ಸು 25ರಿಂದ 55.’ ಅದರ ಕೆಳಗೆ ಓದಬೇಕಾದ ಸಾಲು: ‘ಅತ್ಯುನ್ನತ ಕಾರ್ಯಕ್ಷಮತೆಯ ಪಂಪಿಂಗ್ ಪರಿಹಾರಗಳೊಂದಿಗೆ ನಿಮ್ಮ ಸಮೃದ್ಧಿಯನ್ನು ಸಬಲೀಕರಿಸಿ.’ ಇದನ್ನು ಗೆಳೆಯನ ಹೆಗಲ ಮೇಲೆ ಕೈ ಹಾಕಿ ಹೇಳಿ ನೋಡಿ. ಕೈ ತೆಗೆದು ದೂರ ಕೂರುತ್ತಾನೆ. ಒಬ್ಬ ಮಹನೀಯರಿಗಂತೂ ನನ್ನ ದನಿಯಲ್ಲಿ ಬಣ್ಣ ಕಾಣಿಸುತ್ತಿತ್ತು. ‘ತುಂಬಾ ಬ್ಲೂ ಆಗ್ತಿದೆ, ಸ್ವಲ್ಪ ಆರೆಂಜ್ ಕಡೆ ತಗೊಂಡು ಹೋಗ್ತೀರಾ?’ ತಗೊಂಡು ಹೋದೆ. ಹದಿನೇಳು ಟೇಕ್ ಕೊಟ್ಟೆ. ಓಕೆ ಆದದ್ದು ಮೊದಲನೆಯದು. ಯಾವತ್ತೂ ಓಕೆ ಆಗುವುದು ಮೊದಲನೆಯದೇ. ಉಳಿದ ಹದಿನಾರು ಅವರು ಕೆಲಸ ಮಾಡಿದ್ದಾರೆ ಅನ್ನುವುದಕ್ಕೆ ದಾಖಲೆ.

ಇಂಗ್ಲಿಷಿನಲ್ಲಿ 30 ಸೆಕೆಂಡಿಗೆ ಸುಮಾರು 75 ಪದ ಓದಬಹುದು. ಆ ಲೆಕ್ಕದಲ್ಲಿ ಬರೆದದ್ದನ್ನು ಯಂತ್ರದ ಬಾಯಿಗೆ ಹಾಕಿ ಕನ್ನಡ ಮಾಡಿದರೆ ಒಂದೊಂದು ಪದವೂ ಗೂಡ್ಸ್ ಗಾಡಿ. ಉಸಿರು ಬಿಡದೆ ಓದಿದರೂ 43 ಸೆಕೆಂಡು. ‘ಸ್ವಲ್ಪ ಫಾಸ್ಟಾಗಿ ಸರ್. ಆದರೆ ಆರಾಮಾಗಿ ಕೇಳಿಸಬೇಕು.’ ಇದಾದರೂ ವಾಸಿ, ಅಕ್ಷರವಾದರೂ ಕನ್ನಡದ್ದಿರುತ್ತದೆ. ಅರ್ಧಕ್ಕರ್ಧ ಸ್ಕ್ರಿಪ್ಟುಗಳು ಬರುವುದು ಇಂಗ್ಲಿಷ್ ಅಕ್ಷರಗಳಲ್ಲಿ. ಕೆ, ಎ, ಎಲ್, ಯು. ಇದು ಕಾಲೋ, ಕಾಳೋ? ಬರೆದವರ ಧಾರಾಳತನ ನೋಡಿಕೊಂಡು ಕಲ್ಲೂ ಆದೀತು. ಧಾನ್ಯ ಕೆಡದಂತೆ ಇಡುವ ಡಬ್ಬಿಯೊಂದಕ್ಕೆ ನಾನೊಮ್ಮೆ ‘ನಿಮ್ಮ ಕಾಲು ವರ್ಷವಿಡೀ ತಾಜಾ’ ಎಂದು ಮನಸಾರೆ ಓದಿ ಕಳಿಸಿದೆ. ಮೂರು ಜನ ಕೇಳಿ ಓಕೆ ಮಾಡಿದರು. ಒಬ್ಬರಿಗೂ ಕಾಲಿನ ಬಗ್ಗೆ ಅನುಮಾನ ಬರಲಿಲ್ಲ. ನನಗೆ ಬಂದದ್ದು ರಾತ್ರಿ, ಹಾಸಿಗೆಯಲ್ಲಿ, ಸ್ವಂತ ಕಾಲು ನೋಡಿಕೊಂಡಾಗ.

‘ಮಾತಾಡೋದು ತಾನೇ ಸರ್, ಐದು ನಿಮಿಷದ ಕೆಲಸ’ ಅನ್ನುವುದು ದರ ಇಳಿಸುವ ಮೊದಲಿನ ಮಂಗಳಶ್ಲೋಕ. ನಿಜ, ಮಾತಾಡೋದು ತಾನೇ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅನ್ನುತ್ತದೆ ಗಾದೆ. ಅವನು ಇನ್‌ವಾಯ್ಸ್ ಕಳಿಸಿ 90 ದಿನ ಕಾದವನಲ್ಲ, ಅದಕ್ಕೇ ಬದುಕಿದ. ಇವತ್ತಿನ ಪಂಪನ್ನೇ ತಗೊಳ್ಳಿ. ಪಂಪು ಅನ್ನುವ ಪದದಲ್ಲೇ ಎರಡು ಪಕಾರ. ತುಟಿ ಬಿಡಿಸಿದಾಗ ಒತ್ತಿ ಬರುವ ಗಾಳಿ ಮೈಕಿಗೆ ಬಡಿದರೆ ಢಬ್ ಅನ್ನುತ್ತದೆ. ಅದಕ್ಕೆ ಮುಂದೆ ಬಲೆಯ ಪಾಪ್ ಫಿಲ್ಟರ್, ಬಾಯಿ ಸ್ವಲ್ಪ ಓರೆ. ಬಾಯಿ ಒಣಗಿದರೆ ಚಟ್ ಚಟ್ ಎಂಬ ಸದ್ದು, ಅದಕ್ಕೆ ನೀರು, ಹಸಿರು ಸೇಬಿನ ಹೋಳು. ಹೊಟ್ಟೆ ತುಂಬ ತಿಂದರೆ ತೇಗು, ತಿನ್ನದಿದ್ದರೆ ಹೊಟ್ಟೆ ಗುರುಗುಟ್ಟುತ್ತದೆ. ಒಳ್ಳೆಯ ಮೈಕು ಎರಡನ್ನೂ ನನ್ನ ದನಿಗಿಂತ ಪ್ರೀತಿಯಿಂದ ಹಿಡಿಯುತ್ತದೆ. ಒಂದು ಗಂಟೆಯ ಆಡಿಯೋ ಪುಸ್ತಕಕ್ಕೆ ಓದು, ಕತ್ತರಿ, ಮರುಓದು, ಮತ್ತೆ ಕೇಳು ಎಲ್ಲ ಸೇರಿ ಆರು ಗಂಟೆ ಸಲೀಸಾಗಿ ಹೋಗುತ್ತದೆ. ಆಡಿಯೋ ಪುಸ್ತಕಗಳ ಎಸಿಎಕ್ಸ್ ವೇದಿಕೆಯ ನಿಯಮ ಕೇಳಿ: ಏರುದನಿ −3 ಡೆಸಿಬೆಲ್ ಮೀರಬಾರದು, ಸುಮ್ಮನಿರುವ ಕೋಣೆಯ ಸದ್ದು −60 ಡೆಸಿಬೆಲ್‌ಗಿಂತ ಕೆಳಗಿರಬೇಕು, ಪ್ರತಿ ಫೈಲಿನ ಹಿಂದೆ ಮುಂದೆ ಅದೇ ಕೋಣೆಯ ಮೌನವನ್ನು ಅಂಟಿಸಿರಬೇಕು. (ರೆಕಾರ್ಡಿಂಗಿನಲ್ಲಿ ಸೊನ್ನೆಯೇ ಶಿಖರ, ಲೆಕ್ಕವೆಲ್ಲ ಅದರ ಕೆಳಗೆ; ಅದಕ್ಕೇ ಮೈನಸ್.) ಮೌನವನ್ನೂ ರೆಕಾರ್ಡ್ ಮಾಡಬೇಕು ಸ್ವಾಮಿ! ಮಾತು ಬೆಳ್ಳಿ, ಮೌನ ಬಂಗಾರ ಅನ್ನುತ್ತಾರೆ. ನಾವು ಎರಡನ್ನೂ ಒಂದೇ ದರಕ್ಕೆ ಕೊಟ್ಟುಬಿಡುತ್ತೇವೆ.

ಇಷ್ಟೆಲ್ಲ ಮಾಡಿ, 24 ಬಿಟ್, 48 ಕಿಲೋಹರ್ಟ್ಸ್‌ನ ಸ್ಟುಡಿಯೋ ದರ್ಜೆಯ ಫೈಲು ಕಳಿಸಿದರೆ ಕ್ಲೈಂಟು ಅದನ್ನು ಬಸ್ಸಿನಲ್ಲಿ ಕೂತು, ಫೋನಿನ ಸ್ಪೀಕರಿನಲ್ಲಿ ಕೇಳುತ್ತಾರೆ. ‘ಹಿಂದೆ ಏನೋ ಗುಂಯ್ ಅಂತಿದೆ ಸರ್.’

ಬಸ್ಸು ಕಣಪ್ಪ ಅದು.

ಸ್ಯಾಂಪಲ್ ಬಗ್ಗೆ ಹೆಚ್ಚು ಬರೆಯುವುದಿಲ್ಲ, ರಕ್ತದೊತ್ತಡ. ಬಡಗಿಯ ಹತ್ತಿರ ಯಾರೂ ‘ಒಂದು ಕುರ್ಚಿ ಸ್ಯಾಂಪಲ್ ಮಾಡಿಕೊಡಿ, ಕೂತು ನೋಡಿ ಹೇಳ್ತೀವಿ’ ಅನ್ನುವುದಿಲ್ಲ. ನಮ್ಮ ಹತ್ತಿರ ಇಡೀ ಸ್ಕ್ರಿಪ್ಟು ಓದಿಸಿಕೊಳ್ಳುತ್ತಾರೆ, ಆಮೇಲೆ ಫೋನಿಲ್ಲ, ಉತ್ತರವಿಲ್ಲ. ಬಲ್ಲವರು ಸ್ಯಾಂಪಲ್ಲಿನಲ್ಲಿ ಒಂದು ಪದ ಬೇಕೆಂದೇ ಬದಲಿಸಿ ಓದುತ್ತಾರೆ. ನಾನೂ ಕಲಿತೆ. ‘ಹತ್ತು’ ಇದ್ದಲ್ಲಿ ‘ಹನ್ನೆರಡು’ ಎಂದು ಓದಿ ಕಳಿಸಿದೆ. ‘ಬೇರೆಯವರನ್ನ ಫೈನಲ್ ಮಾಡಿದ್ದೀವಿ ಸರ್, ಮುಂದಿನ ಸಲ ಖಂಡಿತ’ ಎಂದರು. ಎರಡು ತಿಂಗಳ ಮೇಲೆ ಆ ವಿಡಿಯೋ ನನ್ನ ಕಣ್ಣಿಗೇ ಬಿತ್ತು. ಪರದೆಯ ಮೇಲೆ ಹತ್ತು ಎಂದು ಬರೆದಿದೆ, ನನ್ನ ದನಿ ಹನ್ನೆರಡು ಅನ್ನುತ್ತಿದೆ. ಫೋನ್ ಮಾಡಿ ಹೇಳಿದೆ. ‘ಅಯ್ಯೋ ಹೌದಾ ಸರ್, ತಪ್ಪಾಗಿದ್ಯಾ? ಸರಿಯಾಗಿ ಓದಿ ಕಳಿಸಿಬಿಡ್ತೀರಾ?’

ಮತ್ತೆ ಕರಾರಿಗೆ ಬರೋಣ. ಬ್ರಹ್ಮಾಂಡಕ್ಕೆ ನಕ್ಕುಬಿಡಬಹುದು. ನನ್ನ ಕಣ್ಣು ಕೂತಿರುವುದು ‘ಮುಂದೆ ಕಂಡುಹಿಡಿಯಲಾಗುವ’ ಎಂಬಲ್ಲಿ. ಎಂಥ ದೂರದೃಷ್ಟಿ! ಜ್ಯೋತಿಷಿಗಳೂ ಇಷ್ಟು ಧೈರ್ಯವಾಗಿ ಬರೆದುಕೊಡುವುದಿಲ್ಲ. ಅಮೆರಿಕದ ದನಿ ಕಲಾವಿದೆ ಸೂಸನ್ ಬೆನೆಟ್ 2005ರ ಜುಲೈ ತಿಂಗಳಿಡೀ ದಿನಕ್ಕೆ ನಾಲ್ಕು ಗಂಟೆ ಕೂತು ತಲೆಬುಡವಿಲ್ಲದ ವಾಕ್ಯಗಳನ್ನು ಓದಿದರು, ಕೂಲಿ ತಗೊಂಡು ಮನೆಗೆ ಹೋದರು. 2011ರಲ್ಲಿ ಇದೇ ಕಸುಬಿನ ಪರಿಚಯದವರೊಬ್ಬರು ಹೊಸ ಐಫೋನಿನಲ್ಲಿ ಮಾತಾಡುವುದು ನೀನೇ ಅಲ್ಲವೇ ಎಂದು ಕೇಳಿದಾಗಲೇ ಅವರಿಗೆ ತಾನು ಫೋನಿನೊಳಗೆ ಮಾತಾಡುವ ಸಹಾಯಕಿ ‘ಸಿರಿ’ ಆಗಿದ್ದೇನೆಂದು ತಿಳಿದದ್ದು. ಕೆನಡಾದ ಬೆವ್ ಸ್ಟ್ಯಾಂಡಿಂಗ್ 2018ರಲ್ಲಿ ಅನುವಾದದ ಕೆಲಸಕ್ಕೆಂದು ಓದಿಕೊಟ್ಟದ್ದು ಟಿಕ್‌ಟಾಕಿನ ಹುಡುಗಾಟಗಳಿಗೆ ದನಿಯಾಗಿ ಕುಣಿಯಿತು. 2021ರಲ್ಲಿ ದಾವೆ ಹೂಡಿದರು, ಅದೇ ವರ್ಷ ರಾಜಿಯಾಯಿತು. ಇದೇ ಕಸುಬಿನ ಪಾಲ್ ಲೆರ್ಮನ್ ಮತ್ತು ಲಿನಿಯಾ ಸೇಜ್ ದಂಪತಿಯ ಕಥೆಯಂತೂ ನೀವೆಲ್ಲ ಓದಿರುತ್ತೀರಿ. ಕಾರಿನಲ್ಲಿ ಹೋಗುತ್ತ, ಕೃತಕ ಬುದ್ಧಿಮತ್ತೆಯಿಂದ ಯಾರ ಕೆಲಸ ಹೋಗುತ್ತದೆ ಎಂಬ ಪಾಡ್‌ಕಾಸ್ಟ್ ಹಾಕಿದ್ದಾರೆ, ಅದರಲ್ಲಿ ಮಾತಾಡುತ್ತಿರುವ ಯಂತ್ರ ಪಾಲ್ ದನಿಯಲ್ಲಿ ಮಾತಾಡುತ್ತಿದೆ. ಯಂತ್ರದ ದನಿ ತಯಾರಿಸುವ ಕಂಪನಿಯವರು ಶೈಕ್ಷಣಿಕ ಸಂಶೋಧನೆಗೆ ಎಂದು ಹೇಳಿ 1,200 ಡಾಲರ್ ಕೊಟ್ಟು ಓದಿಸಿಕೊಂಡಿದ್ದರು ಎನ್ನುವುದು ಅವರು 2024ರಲ್ಲಿ ನ್ಯೂಯಾರ್ಕಿನ ಕೋರ್ಟಿಗೆ ಕೊಟ್ಟ ದೂರು. ಹೆಂಡತಿಯದು 400 ಡಾಲರ್.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುವುದು ನಮ್ಮವರಿಗೆ ಗೊತ್ತಿದ್ದ ಲೆಕ್ಕ. ಈಗ ಮಾತು ಆಡಿದರೆ ಹೋಗುವುದಿಲ್ಲ. ಅವರ ಸರ್ವರಿನಲ್ಲಿ ಕೂರುತ್ತದೆ, ನಾನು ಆಡದ ಮಾತನ್ನೂ ಆಡುತ್ತದೆ.

ಪಂಪಿನ ಕರಾರಿನ ಒಂಬತ್ತನೇ ಪುಟದಲ್ಲೂ ಒಂದು ಸಾಲಿದೆ. ‘ಧ್ವನಿ ಮಾದರಿಗಳ ಅಭಿವೃದ್ಧಿಗೆ ಬಳಸಬಹುದು.’ ಅಷ್ಟೇ, ನಾಲ್ಕೇ ಪದ. ಅಂದರೆ ನನ್ನ ಹಾಗೇ ಮಾತಾಡುವ ಯಂತ್ರ ಕಟ್ಟಬಹುದು. ಆರು ಸಾಲಿಗೆ ಕೊಡುವ ದುಡ್ಡಿನಲ್ಲಿ ನಾನು ಮುಂದೆ ಯಾವತ್ತೂ ಓದದ ಲಕ್ಷ ಸಾಲುಗಳು ಸೇರಿಹೋಗಿವೆ. ನಾಳೆ ನನ್ನ ದನಿ ಜೂಜಿನ ಆ್ಯಪ್ ಮಾರಬಹುದು. ನನಗೆ ಆಗದ ರಾಜಕಾರಣಿಗೆ ಜೈ ಅನ್ನಬಹುದು. ಬ್ಯಾಂಕಿನವನು ಎಂದು ಯಾರದೋ ಅಮ್ಮನಿಗೆ ಫೋನ್ ಮಾಡಿ ಓಟಿಪಿ ಕೇಳಬಹುದು, ಆಯಮ್ಮ ಒಳ್ಳೆಯ ದನಿ ಅಂತ ನಂಬಬಹುದು. ಇಪ್ಪತ್ತು ವರ್ಷ ನೆಗಡಿಯಾಗದ ಹಾಗೆ, ಕಿರುಚದ ಹಾಗೆ, ಜಗಳದಲ್ಲೂ ದನಿ ಏರಿಸದ ಹಾಗೆ ಈ ಗಂಟಲನ್ನು ಕಾಪಾಡಿಕೊಂಡು ಬಂದಿದ್ದೇನೆ. ಬಾಡಿಗೆಗೆ ಕೇಳಿ, ಕೊಡುತ್ತೇನೆ. ಹೊಟ್ಟೆಪಾಡು ಅದು. ಆದರೆ ಬಾಡಿಗೆಯ ದುಡ್ಡಿಗೆ ಕ್ರಯಪತ್ರ ಬರೆಸಿಕೊಳ್ಳುವುದು, ಅದನ್ನೂ ಒಂಬತ್ತನೇ ಪುಟದಲ್ಲಿ ಬಚ್ಚಿಟ್ಟು ಬರೆಸಿಕೊಳ್ಳುವುದು ವ್ಯಾಪಾರವಲ್ಲ. ಕಳ್ಳತನ. ಇದಕ್ಕೆ ಬೇರೆ ಹೆಸರು ಹುಡುಕಿ ಹುಡುಕಿ ಸಾಕಾಗಿದೆ ನನಗೆ.

ಸಂಯೋಜಕ ಹುಡುಗನಿಗೆ ಫೋನ್ ಮಾಡಿದೆ. ಪಾಪ, ಒಳ್ಳೆಯವನೇ. ‘ಅದು ಟೆಂಪ್ಲೇಟ್ ಸರ್, ಎಲ್ಲರಿಗೂ ಅದೇ ಕಳಿಸ್ತೀವಿ. ಯಾರೂ ಓದಲ್ಲ, ನೀವ್ಯಾಕೆ ಓದೋಕೆ ಹೋದ್ರಿ?’

ಡ್ರಿಲ್ ಇತ್ತಪ್ಪ, ಎಂದೆ.

‘ಲೀಗಲ್‌ನವರನ್ನ ಕೇಳಿ ಹೇಳ್ತೀನಿ ಸರ್. ಅಷ್ಟರಲ್ಲಿ ನೀವು ರೆಕಾರ್ಡ್ ಮಾಡಿ ಇಟ್ಟಿರಿ, ಸಂಜೆಗೇ ಬೇಕು ಅಂತಿದಾರೆ.’

ಒಂಬತ್ತನೇ ಪುಟದ ಆ ಸಾಲಿಗೆ ಗೀಟು ಎಳೆದೆ. ಏಳನೇ ಪುಟದಲ್ಲಿ ಬ್ರಹ್ಮಾಂಡ ಹೊಡೆದುಹಾಕಿ ‘ಭೂಮಿ’ ಎಂದು ಬರೆದೆ, ‘ಎಂದೆಂದಿಗೂ’ ಇದ್ದಲ್ಲಿ ‘ಒಂದು ವರ್ಷ’. ಫೋಟೋ ತೆಗೆದು ಕಳಿಸಿದ್ದೇನೆ. ಎರಡು ನೀಲಿ ಗೀರು ಬಿದ್ದಿವೆ, ಉತ್ತರ ಇಲ್ಲ.

ಡ್ರಿಲ್ ನಿಂತ ಹಾಗಿದೆ. ಫ್ಯಾನ್ ಆರಿಸಿದೆ. ಕೆಳಗೆ ಯಾರದೋ ನಾಯಿ ಶುರು ಮಾಡಿಕೊಂಡಿತು.