ತೀರ್ಪಿಗೆ ಮೊದಲೇ ನಗದು ಹಿಡಿದಿಡುವುದು ಸರಿಯೇ? ಪರ – ವಿರೋಧ

ತಲಪಾಡಿ ದಾಟಿ ಬರುವ ಬಸ್ಸಿನಲ್ಲೋ ಮಂಗಳೂರಿನ ರೈಲಿನಲ್ಲೋ ದಾಖಲೆಯಿಲ್ಲದ ನೋಟಿನ ಕಟ್ಟು ಸಿಕ್ಕಿತೆಂಬ ಸುದ್ದಿ ಕಾಸರಗೋಡಿಗೆ ಹೊಸತಲ್ಲ. ಅಂಥ ನಗದು 'ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆ'ಯ (ಪಿಎಂಎಲ್‌ಎ) ಕೈಗೆ ಹೋದರೆ, ಅಪರಾಧ ಸಾಬೀತಾಗುವ ಮೊದಲೇ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಸರಕಾರದ ವಶದಲ್ಲಿರುತ್ತದೆ. ಇದು ಸರಿಯೇ?

ಪರ: ನೋಟು ಕೈಬಿಟ್ಟರೆ ಮೊಕದ್ದಮೆಯೇ ಕೈಬಿಟ್ಟಂತೆ

ಹತ್ತು ಲಕ್ಷ ರೂಪಾಯಿ ಎಂದರೆ ಐನೂರರ ಇಪ್ಪತ್ತು ಕಟ್ಟು. ಮಗುವಿನ ಶಾಲಾ ಚೀಲದಲ್ಲಿ ಹಿಡಿಯುತ್ತದೆ. ಜಮೀನನ್ನು ಜಪ್ತಿ ಮಾಡದೆ ಬಿಟ್ಟರೂ ಅದು ಇದ್ದಲ್ಲೇ ಇರುತ್ತದೆ, ಮಾರಿದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಜಾಡು ಉಳಿಯುತ್ತದೆ. ನೋಟು ಹಾಗಲ್ಲ. ಇವತ್ತು ಬಿಟ್ಟುಕೊಟ್ಟರೆ ನಾಳೆ ಹತ್ತು ಕೈಗಳಿಗೆ ಹಂಚಿಹೋಗಿರುತ್ತದೆ. ಐದು ವರ್ಷದ ನಂತರ ಅಪರಾಧ ಸಾಬೀತಾದರೂ ಮುಟ್ಟುಗೋಲಿಗೆ ಏನೂ ಉಳಿದಿರುವುದಿಲ್ಲ.

ಹವಾಲಾದ ರೀತಿಯನ್ನು ಬಲ್ಲವರಿಗೆ ಈ ಆತುರ ಅರ್ಥವಾಗುತ್ತದೆ. ಕೇರಳದಲ್ಲಿ ಕುಳಲ್‌ಪಣಂ ಎನ್ನುವ ಈ ವ್ಯವಹಾರದಲ್ಲಿ ಗಡಿ ದಾಟುವುದು ಹಣವಲ್ಲ, ಮಾತು. ಕೊಲ್ಲಿಯಲ್ಲಿ ಒಬ್ಬ ದಿರ್ಹಮ್ ತೆಗೆದುಕೊಳ್ಳುತ್ತಾನೆ, ಇಲ್ಲಿ ಇನ್ನೊಬ್ಬ ರೂಪಾಯಿ ತಲುಪಿಸುತ್ತಾನೆ. ಪಡೆಯುವವನ ಕೈಯಲ್ಲಿರುವ ಹತ್ತು ರೂಪಾಯಿ ನೋಟಿನ ನಂಬರೇ ಗುರುತು. ತಲುಪಿಸುವವನು ನಂಬರು ತಾಳೆ ನೋಡಿ, ಆ ನೋಟನ್ನೇ ರಸೀದಿಯಾಗಿ ಒಯ್ಯುತ್ತಾನೆ. ಕಾಗದವೇ ಇಲ್ಲದ ವ್ಯವಹಾರದಲ್ಲಿ ಸಾಕ್ಷ್ಯವೆಂದರೆ ಸಿಕ್ಕ ನಗದು, ಸಾಗಿಸಿದವನ ಫೋನು, ಅವನ ಮೊದಲ ಹೇಳಿಕೆ, ಇಷ್ಟೇ. 2021ರ ಏಪ್ರಿಲ್‌ನಲ್ಲಿ ತೃಶ್ಶೂರಿನ ಕೊಡಕರದಲ್ಲಿ ಕಾರು ಅಡ್ಡಗಟ್ಟಿ ಹಣ ದೋಚಿದಾಗ ಪೊಲೀಸರಿಗೆ ಕೊಟ್ಟ ದೂರಿನಲ್ಲಿದ್ದದ್ದು 25 ಲಕ್ಷ. ತನಿಖೆಯಲ್ಲಿ ಹೊರಬಿದ್ದದ್ದು ಮೂರೂವರೆ ಕೋಟಿ. ಕಳೆದುಕೊಂಡವರೇ ಪೂರ್ತಿ ಮೊತ್ತ ಹೇಳದ ಹಣದ ಮೂಲವನ್ನು ಅದನ್ನು ಹೊಂದಿದವರಲ್ಲದೆ ಮತ್ಯಾರು ವಿವರಿಸಬೇಕು?

ಕಾಯ್ದೆ ಅಂಕೆಯಿಲ್ಲದ್ದೇನೂ ಅಲ್ಲ. ಸೆಕ್ಷನ್ 17ರ ಪ್ರಕಾರ ನಂಬಲು ಇರುವ ಕಾರಣವನ್ನು ಮೊದಲು ಬರೆದಿಡಬೇಕು. ಶೋಧ ಮುಗಿದ ಕೂಡಲೇ ಅದರ ಪ್ರತಿಯನ್ನು ಮುಚ್ಚಿದ ಲಕೋಟೆಯಲ್ಲಿ ಇದೇ ಕಾಯ್ದೆಯಡಿಯ ನ್ಯಾಯನಿರ್ಣಯ ಪ್ರಾಧಿಕಾರಕ್ಕೆ ಕಳಿಸಬೇಕು. ಹಣ ಇಟ್ಟುಕೊಳ್ಳಬೇಕಾದರೆ 30 ದಿನದೊಳಗೆ ಅಲ್ಲಿ ಅರ್ಜಿ ಹಾಕಬೇಕು. ಹಣದ ಹಕ್ಕುದಾರನಿಗೆ ಕನಿಷ್ಠ 30 ದಿನದ ನೋಟಿಸು ಸಿಗುತ್ತದೆ. 180 ದಿನದೊಳಗೆ ಪ್ರಾಧಿಕಾರ ದೃಢೀಕರಿಸದಿದ್ದರೆ ಹಣ ಹಿಂದಿರುಗಿಸಬೇಕು. ದೃಢೀಕರಿಸಿದರೂ 45 ದಿನದಲ್ಲಿ ಮೇಲ್ಮನವಿ ನ್ಯಾಯಮಂಡಳಿಗೆ, ಅಲ್ಲಿಂದ ಹೈಕೋರ್ಟಿಗೆ ಹೋಗುವ ದಾರಿಯಿದೆ. ಕೊನೆಯ ಮುಟ್ಟುಗೋಲು ವಿಶೇಷ ನ್ಯಾಯಾಲಯದ ಕೆಲಸ. ಅಪರಾಧ ಸಾಬೀತಾಗದಿದ್ದರೆ ಹಣ ಬಿಡುಗಡೆಯೇ.

ಸಾಬೀತಿನ ಹೊರೆ ತಲೆಕೆಳಗಾಗಿದೆ ಎಂಬ ದೂರು ಅರ್ಧ ಸತ್ಯ. 2022ರ ಜುಲೈ 27ರ ವಿಜಯ್ ಮದನ್‌ಲಾಲ್ ಚೌಧರಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಹಣ ಅಕ್ರಮದ್ದಲ್ಲವೆಂದು ಆರೋಪಿಯೇ ತೋರಿಸಬೇಕೆನ್ನುವ ಸೆಕ್ಷನ್ 24 ಅನ್ನು ಎತ್ತಿಹಿಡಿಯಿತು, ಆದರೆ ಸರಕಾರ ಮೊದಲು ಮೂರು ಸಂಗತಿ ತೋರಿಸಬೇಕೆಂದಿತು: ಕಾಯ್ದೆಯ ಅಪರಾಧಗಳ ಪಟ್ಟಿಯಲ್ಲಿರುವ ಅಪರಾಧ ನಡೆದಿದೆ, ಈ ಹಣ ಅದರಿಂದ ಬಂದಿದೆ, ಈ ವ್ಯಕ್ತಿಗೆ ಆ ಹಣದ ವ್ಯವಹಾರದಲ್ಲಿ ಪಾಲಿದೆ. ಆಮೇಲೆ ಮಾತ್ರ ಹೊರೆ ದಾಟುತ್ತದೆ.

ಇನ್ನು ಮೋಸಹೋದವರ ಮಾತು. ದುಪ್ಪಟ್ಟು ಬಡ್ಡಿಯ ಆಸೆ ತೋರಿಸಿದ ಸ್ಕೀಮುಗಳಲ್ಲಿ ಕೊಲ್ಲಿಯ ದುಡಿಮೆ ಕಳೆದುಕೊಂಡವರಿಗೆ ಸೆಕ್ಷನ್ 8(8) ಒಂದು ಬಾಗಿಲು. ಜಪ್ತಿಯಾದದ್ದನ್ನು ವಿಶೇಷ ನ್ಯಾಯಾಲಯ ನಿಜವಾದ ಹಕ್ಕುದಾರರಿಗೆ ಮರಳಿಸಬಹುದು. ಹೀಗೆ ಕನಿಷ್ಠ 22,280 ಕೋಟಿ ರೂಪಾಯಿಯ ಆಸ್ತಿ ಮರಳಿದೆ ಎಂದು 2024ರ ಡಿಸೆಂಬರ್‌ನಲ್ಲಿ ಹಣಕಾಸು ಸಚಿವರು ಲೋಕಸಭೆಗೆ ತಿಳಿಸಿದರು. ಹಿಡಿದಿಡದೆ ಇದ್ದಿದ್ದರೆ ಮರಳಿಸಲು ಏನಿರುತ್ತಿತ್ತು?

ವಿರೋಧ: ಕಾಗದ ಇಲ್ಲದ್ದೆಲ್ಲ ಕಳ್ಳಹಣವಲ್ಲ

ಮೊದಲು ಒಂದು ಗೊಂದಲ ಬಿಡಿಸಬೇಕು. ಚುನಾವಣೆಯ ಕಾಲ ಬಿಟ್ಟರೆ, ಇಷ್ಟಕ್ಕಿಂತ ಹೆಚ್ಚು ನಗದು ಕೊಂಡೊಯ್ಯಬಾರದು ಎಂಬ ಮಿತಿಯೇ ನಮ್ಮಲ್ಲಿಲ್ಲ. ಪಿಎಂಎಲ್‌ಎ ಅನ್ವಯಿಸಲು ಪಟ್ಟಿಯಲ್ಲಿರುವ ಅಪರಾಧವೊಂದು ಬೇಕು: ಚಿನ್ನದ ಕಳ್ಳಸಾಗಣೆ, ಮಾದಕ ವಸ್ತು, ವಂಚನೆ ಇತ್ಯಾದಿ. ದೇಶದೊಳಗಿನ ಆದಾಯಕ್ಕೆ ತೆರಿಗೆ ಕಟ್ಟದ್ದು ಆ ಪಟ್ಟಿಯಲ್ಲಿಲ್ಲ. ಬಿಲ್ಲಿಲ್ಲದ ಹಣ ತೆರಿಗೆಯವರ ಪ್ರಶ್ನೆಯೇ ಹೊರತು ತಾನಾಗಿ ಅಪರಾಧದ ಗಳಿಕೆಯಲ್ಲ.

ಈಗ ಬದಿಯಡ್ಕ, ಪೆರ್ಲದ ಅಡಿಕೆ ವ್ಯವಹಾರವನ್ನು ನೋಡಿ. ಕೃಷಿ ಆದಾಯಕ್ಕೆ ಆದಾಯ ತೆರಿಗೆಯಿಲ್ಲ, ಹಾಗಾಗಿ ಬೇರೆ ಆದಾಯವಿಲ್ಲದ ಬೆಳೆಗಾರ ರಿಟರ್ನ್ಸ್ ಸಲ್ಲಿಸುವುದಿಲ್ಲ. ವ್ಯಾಪಾರಿ ದಿನಕ್ಕೆ ಒಬ್ಬರಿಗೆ 10,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಖರ್ಚಿಗೆ ಹಿಡಿಯುವಂತಿಲ್ಲ ಎಂಬ ತೆರಿಗೆ ನಿಯಮದಿಂದ, ಬೆಳೆದವನಿಂದಲೇ ಬೆಳೆ ಕೊಳ್ಳುವುದಕ್ಕೆ ವಿನಾಯಿತಿಯಿದೆ. ಒಬ್ಬರಿಂದ ಒಂದು ದಿನಕ್ಕೆ ಎರಡು ಲಕ್ಷಕ್ಕೆ ಕಡಿಮೆ ನಗದು ಪಡೆಯುವುದೂ ಕಾನೂನುಬದ್ಧ. ಅಂದರೆ ಐದಾರು ತೋಟಗಳಿಂದ ಅಡಿಕೆ ಎತ್ತಲು ಎಂಟು ಲಕ್ಷ ಹಿಡಿದು ಹೊರಟ ವ್ಯಾಪಾರಿ ತಪ್ಪು ಮಾಡುತ್ತಿಲ್ಲ. ಆದರೆ ಬೆಳಿಗ್ಗೆ ಏಳಕ್ಕೆ ತಪಾಸಣೆಯಲ್ಲಿ ನಿಂತಾಗ ಅವನ ಬಳಿ ಬಿಲ್ಲು ಎಲ್ಲಿಂದ ಬರಬೇಕು? ಖರೀದಿಯೇ ಇನ್ನೂ ಆಗಿಲ್ಲ.

ಮೊದಲ ಗಂಟೆಯಲ್ಲೇ ಹಾನಿ ಆಗುತ್ತದೆ. ಚೀಲ ಹೊತ್ತವನು ಸಾಮಾನ್ಯವಾಗಿ ಚಾಲಕ ಅಥವಾ ಅಂಗಡಿಯ ಹುಡುಗ. ಹೆದರಿ 'ಯಾರದ್ದೋ ಗೊತ್ತಿಲ್ಲ' ಎಂದುಬಿಡುತ್ತಾನೆ. ಆ ಒಂದು ವಾಕ್ಯ ಮಾಲೀಕನ ಹಕ್ಕುಕೋರಿಕೆಗೆ ಕೊನೆಯವರೆಗೂ ಅಡ್ಡ ನಿಲ್ಲುತ್ತದೆ. ಮುಂದೆ ಈ ಕಾಯ್ದೆಯ ತನಿಖೆ ನಡೆಸುವ ಜಾರಿ ನಿರ್ದೇಶನಾಲಯ (ಇ.ಡಿ.) ಸೆಕ್ಷನ್ 50ರಡಿ ಪಡೆಯುವ ಹೇಳಿಕೆಯನ್ನಂತೂ ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ಬಳಸಬಹುದು. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆಗೆ ಇಲ್ಲದ ಬಲ ಅದಕ್ಕಿದೆ. ಮಹಜರು ಮಲಯಾಳದಲ್ಲಿದ್ದರೆ, ಕನ್ನಡವನ್ನಷ್ಟೇ ಓದಬಲ್ಲವನು ಯಾವುದಕ್ಕೆ ಸಹಿ ಹಾಕಿದೆ ಎಂದು ತಿಳಿಯದೆ ಸಹಿ ಹಾಕುತ್ತಾನೆ. ಕೇರಳದ 1969ರ ಅಧಿಕೃತ ಭಾಷಾ ಕಾನೂನು ಕನ್ನಡ ಅಲ್ಪಸಂಖ್ಯಾತರಿಗೆ ತಮ್ಮ ಭಾಷೆಯಲ್ಲೇ ರಾಜ್ಯ ಸರಕಾರದೊಡನೆ ವ್ಯವಹರಿಸಲು ಅವಕಾಶ ಕೊಟ್ಟಿದೆ. ತಪಾಸಣೆಯ ಸ್ಥಳದಲ್ಲಿ ಅದನ್ನು ಕೇಳುವ ಧೈರ್ಯ ಎಷ್ಟು ಜನರಿಗಿದೆ? ಕನಿಷ್ಠ ಸಹಿಯ ಕೆಳಗೆ 'ನನಗೆ ಕನ್ನಡದಲ್ಲಿ ಓದಿ ಹೇಳಿಲ್ಲ' ಎಂದು ಬರೆಯಬೇಕು. ನೋಟಿನ ಮುಖಬೆಲೆ, ಕಟ್ಟುಗಳ ಲೆಕ್ಕ, ಕಟ್ಟಿಗೆ ಸುತ್ತಿದ ಬ್ಯಾಂಕಿನ ಕಾಗದದ ಪಟ್ಟಿಯ ಮೇಲಿನ ಮುದ್ರೆ ಮತ್ತು ದಿನಾಂಕ ಮಹಜರಿನಲ್ಲಿ ಇದೆಯೇ ಎಂದು ನೋಡಬೇಕು, ಪ್ರತಿ ಕೇಳಿ ಪಡೆಯಬೇಕು. ಬ್ಯಾಂಕಿನ ಪಟ್ಟಿ ಹರಿದುಹೋಗಿ ನೋಟುಗಳು ಬೆರೆತವೆಂದರೆ ಹಣ ಯಾವ ಖಾತೆಯಿಂದ ಬಂತೆಂದು ತೋರಿಸುವ ಸುಲಭದ ಸಾಕ್ಷಿಯೇ ಹೋಯಿತು.

ಎದುರಿನವರು ಹೇಳಿದ 30, 180 ದಿನಗಳ ಲೆಕ್ಕ ಸರಿ. ಆದರೆ ಅವರು ಅಲ್ಲಿಗೇ ನಿಲ್ಲಿಸಿದರು. ದೃಢೀಕರಣದ ನಂತರ ತನಿಖೆ ನಡೆಯುವಷ್ಟು ಕಾಲ, 365 ದಿನದವರೆಗೆ, ಹಣ ಇಟ್ಟುಕೊಳ್ಳಬಹುದು. 2018ರಲ್ಲಿ 90 ಇದ್ದದ್ದನ್ನು 2019ರಲ್ಲಿ 365 ಮಾಡಲಾಯಿತು. ಅಷ್ಟರೊಳಗೆ ಇ.ಡಿ.ಯ ದೂರು ನ್ಯಾಯಾಲಯದಲ್ಲಿ ದಾಖಲಾದರೆ ಮೊಕದ್ದಮೆ ಮುಗಿಯುವವರೆಗೂ ಹಣ ಅಲ್ಲೇ. ಆ ಮೊಕದ್ದಮೆಗಳು ಮುಗಿಯುವ ವೇಗ ಎಷ್ಟು? 2014ರಿಂದ 2024ರ ನಡುವೆ ದಾಖಲಾದ ಪಿಎಂಎಲ್‌ಎ ಪ್ರಕರಣ 5,297, ಶಿಕ್ಷೆಯಾದದ್ದು 40ರಲ್ಲಿ ಎಂದು ಸರಕಾರವೇ ಸಂಸತ್ತಿಗೆ ತಿಳಿಸಿತು. ಒಂದು ವರ್ಷವೆಂದರೆ ಅಡಿಕೆಯ ಒಂದಿಡೀ ಕೊಯ್ಲು. ಕೈಗಡ ತಂದು ವ್ಯಾಪಾರ ಮಾಡುವವನಿಗೆ ಆ ವರ್ಷದ ಬಡ್ಡಿಯೇ ಅಂಗಡಿ ಮುಚ್ಚಿಸಲು ಸಾಕು.

22,280 ಕೋಟಿಯ ಮಾತೂ ಇಲ್ಲಿಗೆ ಹೊಂದುವುದಿಲ್ಲ. ಅದರಲ್ಲಿ 14,131 ಕೋಟಿಗೂ ಹೆಚ್ಚು ವಿಜಯ್ ಮಲ್ಯ ಒಬ್ಬರ ಆಸ್ತಿಯಿಂದ ಬಂದದ್ದು. ಆ ಪ್ರಕರಣಕ್ಕೂ ಬಸ್ಸಿನಲ್ಲಿ ಸಿಕ್ಕ ಎಂಟು ಲಕ್ಷಕ್ಕೂ ಒಂದೇ ಗಡಿಯಾರ ಇಡುವುದೇ ನಮ್ಮ ತಕರಾರು.

ಬೇರೆ ದಾರಿ ಇಲ್ಲವೆಂದಲ್ಲ. ಪೊಲೀಸರು ಹಿಡಿದ ವಸ್ತುಗಳ ವಿಚಾರದಲ್ಲಿ 2002ರಲ್ಲೇ ಸುಂದರ್‌ಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತು: ಪಂಚನಾಮೆ ಮಾಡಿ, ಫೋಟೋ ತೆಗೆದು, ಭದ್ರತೆ ಪಡೆದು ಬಿಡುಗಡೆ ಮಾಡಿ, ಹದಿನೈದು ದಿನದಿಂದ ಒಂದು ತಿಂಗಳಿಗಿಂತ ಹೆಚ್ಚು ಠಾಣೆಯಲ್ಲಿ ಇಟ್ಟುಕೊಳ್ಳಬೇಡಿ. ಚುನಾವಣಾ ಆಯೋಗದ 2015ರ ಕ್ರಮವೂ ಹಾಗೆಯೇ. ಪಕ್ಷ, ಅಭ್ಯರ್ಥಿಗೆ ಸಂಬಂಧವಿಲ್ಲದ ಹಣವನ್ನು ಮೂವರು ಅಧಿಕಾರಿಗಳ ಜಿಲ್ಲಾ ಸಮಿತಿ ತಾನಾಗಿಯೇ ಪರಿಶೀಲಿಸಿ ಬಿಡಬೇಕು. ಎಫ್‌ಐಆರ್ ಅಥವಾ ದೂರು ಇಲ್ಲದಿದ್ದರೆ ಮತದಾನದ ನಂತರ ಏಳು ದಿನಕ್ಕಿಂತ ಹೆಚ್ಚು ಇಡುವಂತಿಲ್ಲ. ಚುನಾವಣೆಯ ಬಿಸಿಯಲ್ಲೂ ಸಾಧ್ಯವಾಗುವ ಕೆಲಸ ಪಿಎಂಎಲ್‌ಎಯಲ್ಲಿ ಯಾಕೆ ಆಗಬಾರದು? ಹತ್ತು ಲಕ್ಷದೊಳಗಿನ ಮೊತ್ತವನ್ನು ಬ್ಯಾಂಕ್ ಖಾತರಿಯ ಮೇಲೆ ಬಿಡುವ ಅವಕಾಶ ಕಾಯ್ದೆಯಲ್ಲೇ ಬರಲಿ, 365 ಮತ್ತೆ 90 ಆಗಲಿ, ಮಹಜರಿನ ಪ್ರತಿ ಹಣ ಹೊಂದಿದವನ ಭಾಷೆಯಲ್ಲಿ ಅಂದೇ ಅವನ ಕೈಗೆ ಸಿಗಲಿ.