ಎಡಗೈಯ ಲಟಿಕೆ

ಶುಕ್ರ ಗ್ರಹ ತನ್ನ ಸುತ್ತ ತಾನು ಒಂದು ಸಲ ತಿರುಗುವುದಕ್ಕೆ 243 ದಿನ ಬೇಕು. ಸೂರ್ಯನಿಗೆ ಒಂದು ಸುತ್ತು ಹಾಕಿ ಬರುವುದಕ್ಕೆ 225 ದಿನವೇ ಸಾಕು. ಇಷ್ಟನ್ನು ಉತ್ಸಾಹದಿಂದ ಹೇಳಿ ಮುಗಿಸಿದರೆ, ಎದುರಿಗಿದ್ದ ಮಹಾಶಯರು ನನ್ನ ಮುಖ ನೋಡಿ "ಅದಕ್ಕೇನೀಗ?" ಅಂದರು.

ಈ ಪ್ರಶ್ನೆ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಅದಕ್ಕೆ ಏನೂ ಇಲ್ಲ ಸ್ವಾಮಿ. ಇದೇ ಮಹಾಶಯರು ಹಿಂದೊಮ್ಮೆ ಸಾಲದ ಬಡ್ಡಿ ಲೆಕ್ಕ ಹಾಕುವುದು ಹೇಗೆ ಅಂತ ಗಂಟೆಗಟ್ಟಲೆ ಕೊರೆದಿದ್ದರು. ಬಹಳ ಉಪಯುಕ್ತ ವಿಷಯ. ಒಂದಕ್ಷರವೂ ನೆನಪಿಲ್ಲ. ಆದರೆ ಆಕ್ಟೋಪಸ್‌ಗೆ ಮೂರು ಹೃದಯ, ಅದರ ರಕ್ತದಲ್ಲಿ ತಾಮ್ರ ಇರುವುದರಿಂದ ಬಣ್ಣ ನೀಲಿ ಅನ್ನುವುದನ್ನು ಯಾರೂ ಉರು ಹೊಡೆಸದೆ ಇದ್ದರೂ ಅದು ತಲೆಯಿಂದ ಕದಲಿಲ್ಲ.

ಅಮೆರಿಕದ ಡಾಕ್ಟರ್ ಡೊನಾಲ್ಡ್ ಅಂಗರ್ ಅವರನ್ನೇ ನೋಡಿ. ಲಟಿಕೆ ಮುರಿದರೆ ಬೆರಳಿಗೆ ಸಂಧಿವಾತ ಬರುತ್ತದೆ ಅಂತ ಚಿಕ್ಕವರಿದ್ದಾಗ ಅವರಿಗೆ ಬುದ್ಧಿ ಹೇಳಿದವರು ಬಹಳ ಮಂದಿ. ಅಮ್ಮ, ಅಮ್ಮನ ಜೊತೆಗೆ ನೆಂಟರ ಪೈಕಿ ಹೆಂಗಸರು, ಮದುವೆಯಾದ ಮೇಲೆ ಅತ್ತೆ. ತಮ್ಮ ಪ್ರಬಂಧದಲ್ಲಿ ಅವರು ಇವರನ್ನೆಲ್ಲ 'ಹೆಸರಾಂತ ತಜ್ಞರು' ಅಂತಲೇ ಕರೆದಿದ್ದಾರೆ. ಎದುರು ವಾದಿಸಲಿಲ್ಲ. ಎಡಗೈ ಬೆರಳುಗಳ ಲಟಿಕೆಯನ್ನು ಮಾತ್ರ ದಿನಕ್ಕೆ ಎರಡು ಸಲವಾದರೂ ಮುರಿಯುತ್ತಾ ಹೋದರು. ಬಲಗೈಯನ್ನು ಹೋಲಿಕೆಗೆ ಅಂತ ಹಾಗೇ ಬಿಟ್ಟರು. ಐವತ್ತು ವರ್ಷ! ಆಮೇಲೆ 1998ರಲ್ಲಿ ಸಂಧಿವಾತದ್ದೇ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು: ಎಡಗೈ ಲಟಿಕೆ ಕನಿಷ್ಠ 36,500 ಸಲ ಮುರಿದಿದ್ದೇನೆ, ಎರಡೂ ಕೈಯಲ್ಲಿ ಸಂಧಿವಾತ ಇಲ್ಲ.

ಇದನ್ನು ಓದಿದ ಕೂಡಲೇ ನಾನು ಲೆಕ್ಕಕ್ಕೆ ಕೂತೆ. ದಿನಕ್ಕೆ ಎರಡು, ವರ್ಷಕ್ಕೆ 365, ಅದರ ಐವತ್ತರಷ್ಟು. ಸರಿ, 36,500. ಆದರೆ ಫೆಬ್ರವರಿ 29 ಎಲ್ಲಿ ಹೋಯಿತು? ಐವತ್ತು ವರ್ಷದಲ್ಲಿ ಅಧಿಕ ವರ್ಷ ಹನ್ನೆರಡಾದರೂ ಬರುತ್ತವೆ. ಅಂದರೆ ಇಪ್ಪತ್ತನಾಲ್ಕು ಲಟಿಕೆಗಳು ಲೆಕ್ಕಕ್ಕೇ ಸಿಕ್ಕಿಲ್ಲ. 'ಕನಿಷ್ಠ' ಅಂತ ಸೇರಿಸಿ ಡಾಕ್ಟರ್ ಜಾಣತನದಿಂದ ಪಾರಾಗಿದ್ದಾರೆ. ಎಡಗೈ ಲಟಲಟ ಅಂದಾಗಲೆಲ್ಲ ಬಲಗೈ ಸುಮ್ನೆ ಹೇಗಿದ್ದೀತು ಅನ್ನುವುದು ನನಗೆ ಇವತ್ತಿಗೂ ಆಶ್ಚರ್ಯ. ಕೊನೆಗೆ ಅವರು ಇನ್ನೊಂದು ಅನುಮಾನ ಎತ್ತುತ್ತಾರೆ. ಲಟಿಕೆ ವಿಷಯದಲ್ಲಿ ದೊಡ್ಡವರು ಹೇಳಿದ್ದು ಸುಳ್ಳಾದರೆ, ಪಾಲಕ್ ತಿನ್ನು ಅಂದಿದ್ದನ್ನೂ ಪರೀಕ್ಷೆ ಮಾಡಬೇಡವೇ? 2009ರಲ್ಲಿ ಅವರಿಗೆ ಇಗ್ ನೊಬೆಲ್ ಸಿಕ್ಕಿತು. ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗಳಿಗೆ 1991ರಿಂದ ಕೊಡುತ್ತಿರುವ ಬಹುಮಾನ ಅದು. ಪರೀಕ್ಷೆ ಮಾಡಿದವರೂ ಮಾಡಿಸಿಕೊಂಡವರೂ ಒಬ್ಬರೇ, ಇದರಿಂದ ಏನೂ ಸಾಬೀತಾಗುವುದಿಲ್ಲ ಅಂತ ಗೊಣಗುವವರು ಗೊಣಗಲಿ.

'ಅದಕ್ಕೇನೀಗ' ಅನ್ನುವವರನ್ನಾದರೂ ಸಹಿಸಬಹುದು. ಚೀನಾದ ಮಹಾಗೋಡೆ ಚಂದ್ರನಿಂದ ಬರಿಗಣ್ಣಿಗೆ ಕಾಣುತ್ತದೆ, ನಾವು ಬಳಸುವುದು ಮಿದುಳಿನ ಹತ್ತನೇ ಒಂದು ಭಾಗ ಮಾತ್ರ ಅಂತ ಗಂಭೀರವಾಗಿ ಹೇಳುವವರಿದ್ದಾರಲ್ಲ, ಅವರನ್ನು ಸಹಿಸುವುದು ಕಷ್ಟ. ಉಪಯೋಗವಂತೂ ಇಲ್ಲ, ನಿಜವಾದರೂ ಆಗಿರಬೇಡವೇ? ಇನ್ನು ಕೆಲವರು ಇಂಥದ್ದನ್ನೆಲ್ಲ ಗುಡ್ಡೆ ಹಾಕಿ, ನಂಬರ್ ಕೊಟ್ಟು, 'ಪರೀಕ್ಷೆಗೆ ಉಪಯುಕ್ತ' ಅಂತ ಹಣೆಪಟ್ಟಿ ಹಚ್ಚುತ್ತಾರೆ. ಅಲ್ಲಿಗೆ ಮುಗಿಯಿತು. ಆಕ್ಟೋಪಸ್ ಕೂಡ ಒಂದು ಅಂಕದ ಪ್ರಶ್ನೆ ಆಗಿಬಿಡುತ್ತದೆ.

ಇಷ್ಟಕ್ಕೂ ಉಪಯೋಗಕ್ಕೆ ಬಾರದ ಇಂಥ ಸಂಗತಿಗಳಲ್ಲಿ ಖುಷಿ ಯಾಕೆ ಸಿಗುತ್ತದೆ ಅಂತ ಹೇಳಬೇಕಲ್ಲ. ಹೇಳೋಣ ಅಂತ ಹೊರಟರೆ ಆಸ್ಟ್ರೇಲಿಯಾದ ವೊಂಬಾಟ್ ಅನ್ನುವ ಪ್ರಾಣಿ ಅಡ್ಡ ಬರುತ್ತದೆ. ಅದರ ಹಿಕ್ಕೆ ದಾಳದ ಹಾಗೆ ಚೌಕ. ಹೊರಬರುವ ದಾರಿಯೇ ಚೌಕವಾಗಿರಬೇಕು ಅಂತ ನೀವು ಯೋಚಿಸುತ್ತಿದ್ದೀರಿ, ಅಲ್ವಾ? ಅಲ್ಲ, ಅದು ಗುಂಡಗೇ ಇದೆ. ಕರುಳಿನ ಗೋಡೆ ಸುತ್ತಲೂ ಒಂದೇ ಸಮ ಹಿಗ್ಗುವುದಿಲ್ಲ. ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ. ಹಾಗಾಗಿ ಕೊನೆಯ ಭಾಗಕ್ಕೆ ಬರುವ ಹೊತ್ತಿಗೆ ಮೂಲೆಗಳು ಮೂಡಿರುತ್ತವೆ. ಇದನ್ನು ಕಂಡುಹಿಡಿದವರಿಗೂ 2019ರಲ್ಲಿ ಇಗ್ ನೊಬೆಲ್ ಬಂತು, ಅದೂ ಭೌತಶಾಸ್ತ್ರದಲ್ಲಿ. ಜೀವಶಾಸ್ತ್ರಕ್ಕೆ ಯಾಕೆ ಕೊಡಲಿಲ್ಲ ಅನ್ನುವುದು ನನ್ನ ತಕರಾರು.